ಲಾಯರಿನ ಕೆಳಗೆ

ಹನ್ನೊಂದನೇ ಸಲ ಸತ್ತಾಗ ಹುಲಗೇಶ ಹೆಡ್‌ಫೋನು ಕಿತ್ತು ಮೇಜಿನ ಮೇಲೆ ಒಗೆದ. ಪರದೆಯ ಮೇಲೆ ಅವನ ಜಲಾಂತರ್ಗಾಮಿ ಎರಡು ಹೋಳಾಗಿ ಪೆಸಿಫಿಕ್ಕಿನ ತಳಕ್ಕೆ ಇಳಿಯುತ್ತಿತ್ತು. ಅವನು ಮಾಡಿದ್ದೆಲ್ಲ ಸರಿಯಾಗಿಯೇ ಇತ್ತು. ಎಂಜಿನ್ನು ನಿಲ್ಲಿಸಿದ್ದ, ಬೆಚ್ಚನೆಯ ನೀರು ಮುಗಿದು ತಣ್ಣೀರು ಶುರುವಾಗುವ ಪದರದ ಕೆಳಗೆ ಉಸಿರು ಬಿಗಿಹಿಡಿದು ಕೂತಿದ್ದ. ಮೇಲಿನ ಹಡಗು ಬಿಡುವ ‘ಪಿಂಗ್’ ಸದ್ದು ಆ ಪದರಕ್ಕೆ ತಾಗಿ ಬಾಗಬೇಕು, ಕೆಳಗಿದ್ದವನು ಬದುಕಬೇಕು. ಮಹಾಯುದ್ಧದಲ್ಲಿ ಎಷ್ಟೋ ನಾವಿಕರು ಹಾಗೇ ಬದುಕಿ ಬಂದಿದ್ದರಂತೆ. ಇಲ್ಲಿ ಮಾತ್ರ ಹಡಗು ನೆಟ್ಟಗೆ ಬಂದು ತಲೆಯ ಮೇಲೆಯೇ ಬಾಂಬು ಸುರಿಯುತ್ತಿತ್ತು.

“ಕ್ಯಾ ವಕೀಲ್ ಸಾಬ್, ಫಿರ್ ಕೇಸ್ ಹಾರ್ ಗಯೇ ಕ್ಯಾ?” ಮತ್ತೆ ಕೇಸು ಸೋತಿರಾ ಎಂದು ಪಕ್ಕದ ಕುರ್ಚಿಯಿಂದ ಉಪೇಂದ್ರ ಹಿಂದಿಯಲ್ಲಿ ಕೆಣಕಿದ. ಸಾಲಿನ ತುಂಬ ನಗು ಹರಿಯಿತು.

ಬೆಳಿಗ್ಗೆಯಿಂದ ಇದೇ ಗೇಲಿ ನಡೆದಿತ್ತು. ಕಂಪ್ಯೂಟರ್ ಆಟ ತಯಾರಿಸುವ ಮಾದಾಪುರದ ಕಂಪನಿಯಲ್ಲಿ ಹುಲಗೇಶನ ಕೆಲಸ ಆಟ ಆಡುವುದು, ಆಟದಲ್ಲಿ ತಪ್ಪು ಕಂಡರೆ ಇಂಗ್ಲಿಷಿನಲ್ಲಿ ದೂರು ಬರೆಯುವುದು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನ ಇಂಗ್ಲಿಷು ಕಿವಿಯಿಂದ ಕಲಿತದ್ದು. ಪದರಕ್ಕೆ ಆಫೀಸಿನವರೆಲ್ಲ ಅನ್ನುವ ‘ಲೇಯರ್’ ಎಂಬ ಮಾತನ್ನು ಕಿವಿಗೆ ಕೇಳಿದಂತೆ ಟೈಪು ಮಾಡಿದ. ಕಂಪ್ಯೂಟರು ಕೆಂಪು ಗೆರೆ ಎಳೆದು ‘ಲಾಯರ್’ ಎಂದು ತಿದ್ದಿ ಕೊಟ್ಟಿತು. ಕಂಪ್ಯೂಟರಿಗಿಂತ ತಾನೇನು ಹೆಚ್ಚು ಓದಿದವನೇ ಎಂದು ಒಪ್ಪಿಕೊಂಡ. ‘ಜಲಾಂತರ್ಗಾಮಿ ಲಾಯರಿನ ಕೆಳಗಿದ್ದರೂ ಶತ್ರುವಿಗೆ ಸಿಗುತ್ತಿದೆ’ ಎಂದು ದೂರು ಹೋಯಿತು. ಆಟದ ಸಮುದ್ರದ ಕೋಡ್ ಬರೆದಿದ್ದ ಎಂಜಿನಿಯರು ಶೈಲಾ ಒಂದೇ ಸಾಲಿನಲ್ಲಿ ಆ ದೂರನ್ನು ಮುಚ್ಚಿದ್ದಳು: ‘ನಮ್ಮ ಆಟದಲ್ಲಿ ಲಾಯರ್ ಯಾರೂ ಇಲ್ಲ.’

ತಿಂಗಳಲ್ಲಿ ಮೂರು ದೂರು ಸುಳ್ಳಾದರೆ ಮನೆಗೆ. ಇದು ಮೂರನೆಯದು. ಮನೆಗೆ ಅಂದರೆ ಕೊಂಡಾಪುರದ ಸೈಟಿಗೆ, ಅವ್ವ ಗಂಗಾಬಾಯಿಯ ಹಿಂದೆ ಕಾಂಕ್ರೀಟಿನ ಬುಟ್ಟಿ ಹೊರಲಿಕ್ಕೆ.

ಹುಲಗೇಶ ಎದ್ದು ಸೀದಾ ಶೈಲಾಳ ಮೇಜಿನ ಮುಂದೆ ನಿಂತ. ಅವಳು ತಿರುಗದೆಯೇ ಇಂಗ್ಲಿಷಿನಲ್ಲಿ ಏನೋ ಅಂದಳು. ತೆಲುಗಿನಲ್ಲಿ ಶುರುಮಾಡಿದವನಿಗೆ ಎರಡನೇ ಮಾತಿಗೇ ತೆಲುಗು ಸಾಲದಾಯಿತು. ಸಿಟ್ಟಿಗೆ ಅವನ ಹತ್ತಿರ ಒಂದೇ ಭಾಷೆ ಇತ್ತು.

“ಒಮ್ಮೆರ ನೀರಾಗ ಮುಳುಗೀರೇನ್ರಿ ನೀವು? ನಾ ಮುಳುಗೀನಿ. ಕೊಂಡಾಪುರದ ಕ್ವಾರಿ ಗುಂಡ್ಯಾಗ ಆಡತಿದ್ವಿ. ಒಬ್ಬಾಂವ ನೀರೊಳಗ ಎರಡು ಕಲ್ಲು ಕುಟ್ಟಬೇಕು, ಇನ್ನೊಬ್ಬಾಂವ ಸಪ್ಪಳ ಹಿಡದು ಬಂದು ಮುಟ್ಟಬೇಕು. ಮ್ಯಾಲ ನೀರು ಬೆಚ್ಚಗ, ಕೆಳಗ ಹಿಮ! ಆ ಗೆರಿ ದಾಟಿ ಕೆಳಗ ಹ್ವಾದೆ ಅಂದ್ರ ಟಕ್ ಟಕ್ ಅನ್ನೋದು ಸತ್ತೇ ಹೋಗತಿತ್ತು. ನಂದು ಸ್ಪೆಲ್ಲಿಂಗ್ ತಪ್ಪೈತಿ, ಹೌದು. ನಿಮ್ಮ ನೀರೇ ತಪ್ಪೈತಿ!”

ಆ ಕ್ವಾರಿ ಈಗಿಲ್ಲ. ಮಣ್ಣು ತುಂಬಿ ಮೇಲೆ ಹನ್ನೆರಡು ಮಹಡಿ ಎಬ್ಬಿಸಿದ್ದಾರೆ. ಆ ಮಣ್ಣು ಹೊತ್ತವರಲ್ಲಿ ಅವ್ವನೂ ಒಬ್ಬಳು.

ಶೈಲಾ ಕುರ್ಚಿ ತಿರುಗಿಸಿದಳು.

“ಒದರಬ್ಯಾಡ. ಯಾ ಊರು?”

ಎರಡು ವರ್ಷದಲ್ಲಿ ಅವಳ ಬಾಯಲ್ಲಿ ಕನ್ನಡ ಕೇಳಿದವರು ಅಲ್ಲಿ ಯಾರೂ ಇರಲಿಲ್ಲ.

“ಸುರಪುರ ಕಡೆ,” ಅಂದ ಹುಲಗೇಶ, ದನಿ ಅರ್ಧಕ್ಕಿಳಿದು.

“ನಮ್ಮಪ್ಪ ವಾಡಿಯವ್ರು. ರೈಲ್ವೆ ನೌಕರಿ ಅಂತ ಮಲ್ಕಾಜ್‌ಗಿರಿಗಿ ಬಂದೀವಿ.” ಅವಳು ಪಕ್ಕದ ಕುರ್ಚಿ ಎಳೆದಳು. “ಕೂಡು. ನಿನ್ ಗೆರಿ ಎಲ್ಲದ ತೋರಿಸು. ಖರೇ ಇದ್ರ ನಿನ್ ಹೆಸರೀಲೇ ದೂರು ಮತ್ತ ತೆರೀತೀನಿ. ಇಲ್ಲಂದ್ರ ನೀನೇ ಬ್ಯಾಗ್ ತಗೊಂಡು ನಡಿ.”

ಹುಲಗೇಶ ಜಲಾಂತರ್ಗಾಮಿಯನ್ನು ಮುಳುಗಿಸಿದ. ಎಡಗೈ ತನಗೇ ತಿಳಿಯದೆ ಮೂಗು ಹಿಡಿಯಿತು. ಪ್ರತಿ ಸಲ ಹಾಗೇ. ಅದಕ್ಕೂ ಉಪೇಂದ್ರ ನಗುತ್ತಿದ್ದ. ಆಳದ ಸೂಜಿ ನೂರಕ್ಕೆ ಬರುತ್ತಲೇ ಉಷ್ಣತೆಯ ಸೂಜಿ ಧಡಕ್ಕನೆ ಬಿತ್ತು. ಆದರೂ ಪಿಂಗ್ ಹಾಗೇ ಗಟ್ಟಿಯಾಗಿತ್ತು.

“ಗೆರಿ ಇಲ್ಲಿ ಕಾಣಸತೈತಿ,” ಮೂಗು ಹಿಡಿದೇ ಅಂದ. “ಆದ್ರ ಇಲ್ಲಿಲ್ಲ. ಇನ್ನೂ ಕೆಳಗೆಲ್ಲೋ ಐತಿ. ಮುನ್ನೂರರ ಕೆಳಗ ನಮ್ಮ ಹಡಗು ನೆಗ್ಗತೈತಂತ ಯಾರೂ ಹೋಗಂಗಿಲ್ಲ.”

ಶೈಲಾ ಆಳದ ಸೂಜಿಯನ್ನೇ ನೋಡುತ್ತಿದ್ದಳು. ಅವಳ ಬಾಯಿ ನಿಧಾನಕ್ಕೆ ತೆರೆಯಿತು.

“ಅಯ್ಯ... ಇದು ಅಡಿ.”

“ಏನ್ರಿ?”

“ಈ ಸೂಜಿ ಅಡಿ ಲೆಕ್ಕದಾಗ ಅದ. ನಾ ಪದರ ಬರದಿದ್ದು ಮೀಟರಿನಾಗ. ಉಷ್ಣತೆ ನನ್ನ ನೂರನ್ನ ಅಡಿ ಅಂತ ತಿಳದದ, ಸಪ್ಪಳ ಮೀಟರ್ ಅಂತ. ನೂರು ಮೀಟರ್ ಅಂದ್ರ...” ಬೆರಳು ಮಡಚಿದಳು. “ಮುನ್ನೂರ ಇಪ್ಪತ್ತೆಂಟು ಅಡಿ. ಇಳಸು. ಮುನ್ನೂರ ಮೂವತ್ತಕ್ಕ ಇಳಸು.”

“ಒಡೀತೈತ್ರಿ.”

“ಒಡದ್ರ ಒಡೀಲಿ, ಇಳಸೋ ಮಾರಾಯ!”

ಅವಳು ಹೆಡ್‌ಫೋನಿನ ವೈರು ಕಿತ್ತಳು. ಸ್ಪೀಕರಿನಿಂದ ಪಿಂಗ್ ಇಡೀ ಆಫೀಸಿಗೆ ಬಡಿಯಿತು. ಇನ್ನೂರೈವತ್ತು. ಮುನ್ನೂರು. ಜಲಾಂತರ್ಗಾಮಿಯ ಕಬ್ಬಿಣದ ಮೈ ಹಳೆಯ ಬಾಗಿಲಿನಂತೆ ಕಿರುಗುಟ್ಟಿತು. ಉಪೇಂದ್ರ ಎದ್ದು ಬಂದು ಕುರ್ಚಿಯ ಹಿಂದೆ ನಿಂತ. ಮುನ್ನೂರ ಇಪ್ಪತ್ತು. ಮುನ್ನೂರ ಮೂವತ್ತು.

ಪಿಂಗ್ ಮಂಕಾಯಿತು. ಎಲ್ಲೋ ದೂರದಲ್ಲಿ, ಬೇರೆ ಯಾರನ್ನೋ ಹುಡುಕುತ್ತಿರುವ ಹಾಗೆ, ಒಮ್ಮೆ ಟಕ್ ಎಂದಿತು. ಆಮೇಲೆ ಬರೀ ನೀರು.

ಹುಲಗೇಶ ಮೂಗು ಬಿಡದೆಯೇ ಪಕ್ಕಕ್ಕೆ ನೋಡಿದ. ಶೈಲಾಳ ಎರಡೂ ಕೆನ್ನೆ ಉಬ್ಬಿದ್ದವು. ಅವಳೂ ಉಸಿರು ಬಿಟ್ಟಿರಲಿಲ್ಲ.