ಕೂತು ಹೇಳಬೇಕಾದ ಮಾತು

ತಂಗಿ ಕುರ್ಚಿಗಳನ್ನೆಲ್ಲ ಮಡಚಿ ಮಲಗುವ ಕೋಣೆಗೆ ಸಾಗಿಸುತ್ತಿದ್ದಳು. ನಡುಮನೆಯಲ್ಲಿ ತೀರಿಕೊಂಡ ಅಕ್ಕನನ್ನು ಮಲಗಿಸಿದ್ದಾರೆ, ಬಾಗಿಲಾಚೆ ಜನ ಸೇರುತ್ತಿದ್ದಾರೆ. ಇಂಥ ಹೊತ್ತಿನಲ್ಲಿ ಇವಳಿಗೇನು ಬಂತೆಂದು ಭಾವ ಗಾಬರಿಯಾದರು.

"ಏನಮ್ಮಾ ಇದು? ಬಂದೋರು ಎಲ್ಲಿ ಕೂರ್ಬೇಕು?"

"ಅವರಿಗೆಲ್ಲ ವರಾಂಡದಲ್ಲಿ ಬೆಂಚ್ ಹಾಕ್ಸಿದೀನಿ ಭಾವ. ಇಲ್ಲಿ ಇದೊಂದೇ ಸಾಕು."

ಅಕ್ಕನ ತಲೆಯ ಪಕ್ಕದಲ್ಲಿ ಹಸಿರು ಪ್ಲಾಸ್ಟಿಕ್ ಸ್ಟೂಲೊಂದಿತ್ತು. ಮಕ್ಕಳು ಕೂರುವಷ್ಟು ಗಿಡ್ಡ. ಸೀಳಿದ ಒಂದು ಕಾಲಿಗೆ ಆಸ್ಪತ್ರೆಯ ಬಿಳಿ ಟೇಪು ಸುತ್ತಿತ್ತು.

"ದೊಡ್ಡ ಡಾಕ್ಟ್ರು ಬರ್ತಾರಂತೆ. ಅವರನ್ನ ಇದರ ಮೇಲೆ ಕೂರಿಸ್ತೀಯಾ?"

"ಅವರಿಗೋಸ್ಕರಾನೇ ಇಟ್ಟಿರೋದು."

ಭಾವ ವರಾಂಡದ ಕಡೆ ಹೊರಟರು. ನಾದಿನಿಯ ಸ್ವಭಾವ ಅವರಿಗೆ ಗೊತ್ತು. ಟೈಲರ್ ಕೆಲಸದವಳು; ಬಟ್ಟೆ ಕೆಡಿಸಿದಳೆಂದು ಬೀದಿಯೆಲ್ಲ ಸಾರಿಕೊಂಡು ಬಂದ ಗಿರಾಕಿಯೊಬ್ಬಳಿಗೆ ಅವಳು ಇವತ್ತಿಗೂ ಒಂದು ಗುಂಡಿ ಕೂಡ ಹಾಕಿಕೊಟ್ಟಿಲ್ಲ. ಸಿಟ್ಟು ಮಾಡಿಕೊಂಡರೆ ಅದನ್ನು ಚೆನ್ನಾಗಿ ಬಾಳಿಕೆ ಬರುವಂತೆ ಇಟ್ಟುಕೊಳ್ಳುವ ಹೆಂಗಸು.

*

ಅಕ್ಕ ಕ್ಯಾನ್ಸರ್ ವಾರ್ಡಿನ ಸಮಾಜ ಕಾರ್ಯಕರ್ತೆ. "ಹಾಗಂದ್ರೆ ಅಲ್ಲಿ ನೀನು ಮಾಡೋದೇನೇ?" ಎಂದು ತಂಗಿಯೇ ಎಷ್ಟೋ ಸಲ ಕೇಳಿದ್ದಳು. ತಾಯಿಗೆ ಡ್ರಿಪ್ ಹಾಕಿದಾಗ ಮಗುವನ್ನು ಶಾಲೆಯಿಂದ ಯಾರು ಕರೆತರಬೇಕು, ಕೂದಲು ಉದುರಿದ್ದನ್ನು ಕಂಡು ಮನೆ ಖಾಲಿ ಮಾಡಿ ಎಂದ ಮಾಲೀಕನ ಬಾಯಿ ಹೇಗೆ ಮುಚ್ಚಿಸಬೇಕು, ಹೆಂಡತಿಯ ಮುಖ ನೋಡಲಾಗದೆ ಕ್ಯಾಂಟೀನಿನಲ್ಲಿ ಅಡಗಿ ಕೂತ ಗಂಡನನ್ನು ಯಾರು ಎಬ್ಬಿಸಿ ತರಬೇಕು, ಇದೇ ಕೆಲಸ. ಎಲ್ಲಕ್ಕಿಂತ ಹೆಚ್ಚಾಗಿ ಆ ಸ್ಟೂಲು.

ಕೆಟ್ಟ ಸುದ್ದಿ ಹೇಳಲು ಡಾಕ್ಟರು ಬಂದರೆ ಅಕ್ಕ ಹಿಂದಿನಿಂದ ಹೋಗಿ ಅವರ ಮೊಣಕಾಲ ಹಿಂದಕ್ಕೆ ಸ್ಟೂಲು ತಳ್ಳುತ್ತಿದ್ದಳು. ಮೊಣಕಾಲು ಮಡಚಿತು, ಡಾಕ್ಟರು ಕೂತರು, ಮುಗಿಯಿತು.

"ನಿಂತು ಹೇಳಿದ್ರೆ ರೋಗಿಗೆ ಏನೂ ಕೇಳ್ಸಲ್ಲ ಡಾಕ್ಟ್ರೇ. ಯಾವಾಗ ಹೊರಟುಬಿಡ್ತೀರೋ ಅಂತ ಕಣ್ಣೆಲ್ಲ ನಿಮ್ಮ ಕಾಲ್ಮೇಲೇ ಇರತ್ತೆ."

ರೋಗಿಗಳು ಅವಳನ್ನು ಸ್ಟೂಲಕ್ಕ ಎಂದು ಕರೆದರು. ಎಳೆಯ ಡಾಕ್ಟರುಗಳು ಒಗ್ಗಿಕೊಂಡರು. ಒಗ್ಗದವರು ಒಬ್ಬರೇ, ದೊಡ್ಡ ಡಾಕ್ಟರು. "ಇದು ಆಸ್ಪತ್ರೆ ಕಣಮ್ಮಾ, ಹರಟೆಕಟ್ಟೆ ಅಲ್ಲ" ಎಂದು ಬೂಟುಗಾಲಿನಿಂದ ಸ್ಟೂಲನ್ನು ಒದ್ದರು. ಕಾಲು ಸೀಳಿದ್ದು ಆಗ. ಅಕ್ಕ ಟೇಪು ಸುತ್ತಿ ಮರುದಿನ ಮತ್ತೆ ಹಾಜರು. ಅವರು ಮಾತ್ರ ಕೊನೆಯವರೆಗೂ ಬಾಗಿಲ ಮೇಲೆ ಕೈಯಿಟ್ಟೇ ಹೇಳಿದರು, ಹೇಳಿ ಹೋದರು. ಅವರು ಹೋದ ಮೇಲೆ ಅಕ್ಕ ಕೂತು, ಅದೇ ಮಾತನ್ನು ಮೊದಲಿನಿಂದ ನಿಧಾನವಾಗಿ ಇನ್ನೊಮ್ಮೆ ಹೇಳುತ್ತಿದ್ದಳು.

*

ವರಾಂಡದ ಬೆಂಚಿನಲ್ಲಿ ವಾರ್ಡಿನ ನರ್ಸಮ್ಮ ಅಳುತ್ತಲೇ ನಗಿಸುತ್ತಿದ್ದಳು. "ನಮ್ಮ ಚಿಕ್ಕ ಡಾಕ್ಟ್ರೊಬ್ರು ಮದುವೆ ಮನೇಲೂ ಕೂರೋ ಮುಂಚೆ ಹಿಂದೆ ತಿರುಗಿ ನೋಡ್ತಿದ್ರಂತೆ, ಸ್ಟೂಲಕ್ಕ ಇದಾಳಾ ಅಂತ!"

"ದೊಡ್ಡ ಡಾಕ್ಟ್ರಿಗೆ ತುಂಬಾ ಬೇಜಾರಾಗಿದೆ ಕಣೇ" ಎಂದು ಅವಳೇ ತಂಗಿಯ ಕೈ ಹಿಡಿದಳು. "ಎರಡು ಮಾತಾಡ್ಬೇಕು ಅಂತಿದ್ರು."

"ಬರ್ಲಿ. ನಂಗೂ ಆಡೋದಿದೆ."

*

ಅಕ್ಕನದೇ ಸ್ಕ್ಯಾನ್ ರಿಪೋರ್ಟು ಬಂದ ದಿನ ತಂಗಿ ಪಕ್ಕದಲ್ಲೇ ಇದ್ದಳು. ಈ ಸಲ ಹಾಸಿಗೆಯ ಮೇಲಿದ್ದವಳು ಅಕ್ಕ. ಸ್ಟೂಲನ್ನು ಅವಳೇ ಹೇಳಿ ಹಾಕಿಸಿಕೊಂಡಿದ್ದಳು. ದೊಡ್ಡ ಡಾಕ್ಟರು ಬಂದರು, ಸ್ಟೂಲು ನೋಡಿದರು, ಬಾಗಿಲ ಮೇಲೆ ಕೈಯಿಟ್ಟರು.

"ನಿಮಗೆ ಗೊತ್ತಿರೋದೇ ಅಲ್ವಾ. ಲಿವರಿಗೆ ಹರಡಿದೆ. ಇನ್ನು ಮಾಡೋಕೇನಿಲ್ಲ."

ಬಾಗಿಲು ಮುಚ್ಚಿಕೊಂಡಿತು. ಎಲ್ಲರಿಗೂ ಇನ್ನೊಮ್ಮೆ ಹೇಳುತ್ತಿದ್ದವಳಿಗೆ ಇನ್ನೊಮ್ಮೆ ಹೇಳುವವರು ಯಾರೂ ಇರಲಿಲ್ಲ.

"ನೀನು ಕೂತ್ಕೊಂಡು ಹೇಳೇ" ಎಂದಳು ಅಕ್ಕ.

ತಂಗಿ ಕೂತಳು.

"ಹರಡಿದೆ ಅನ್ನು."

"ಹರಡಿದೆ ಅಕ್ಕಾ."

"ಹ್ಞಾಂ. ಈಗ ಕೈ ಹಿಡ್ಕೋ."

ತಂಗಿಯ ಎದೆಯಲ್ಲಿ ಹಗೆ ಬೇರುಬಿಟ್ಟದ್ದು ಆವತ್ತು. ಆ ಮನುಷ್ಯನಿಗೂ ಒಂದು ದಿನ ಹೀಗೇ ಆಗಬೇಕು ಎಂದು ಅವಳು ಬಯಸಿದಳು, ನಾಚಿಕೆಯಿಲ್ಲದೆ ಬಯಸಿದಳು.

ಅಕ್ಕ ಅದಕ್ಕೂ ಕಲ್ಲು ಹಾಕಲು ನೋಡಿದಳು. ಮಾತು ನಿಲ್ಲುವ ಮುಂಚೆ ಒಂದು ಸಂಜೆ ಹೇಳಿದಳು: "ನಾನು ಹೋದ್ಮೇಲೆ ದೊಡ್ಡ ಡಾಕ್ಟ್ರು ನನ್ನ ನೋಡೋಕೆ ಬಂದೇ ಬರ್ತಾರೆ. ಆಗ ಕೂರಿಸಿ ಹೇಳು, ನಂಗೆ ಅವರ ಮೇಲೆ ಸಿಟ್ಟಿಲ್ಲ ಅಂತ. ಪಾಪ, ಹೆದರ್ತಾರೆ. ಕೂತ್ರೆ ಅತ್ತುಬಿಡ್ತೀನೇನೋ ಅಂತ ನಿಂತಿರ್ತಾರೆ ಅಷ್ಟೆ."

"ನಂಗಿದೆ ಸಿಟ್ಟು."

"ನಿನ್ನದು ನೀನಿಟ್ಕೋ. ನನ್ನ ಮಾತು ತಲುಪಿಸು."

*

ದೊಡ್ಡ ಡಾಕ್ಟರು ಬಂದಾಗ ವರಾಂಡದವರೆಲ್ಲ ಎದ್ದು ದಾರಿ ಬಿಟ್ಟರು. ಅವರು ಹೊಸ್ತಿಲು ದಾಟಿ, ಬಾಗಿಲ ಮೇಲೆ ಕೈಯಿಟ್ಟು ನಿಂತರು. ಕೈಗೆ ಬೇರೆ ಜಾಗವೇ ಗೊತ್ತಿಲ್ಲ ಎಂದುಕೊಂಡಳು ತಂಗಿ.

"ಒಳಗೆ ಬನ್ನಿ ಡಾಕ್ಟ್ರೇ. ಮುಖ ನೋಡಿ."

ಅವರು ಅಕ್ಕನ ಬಳಿ ಬಂದರು. ತಂಗಿ ಹಿಂದಿನಿಂದ ಸ್ಟೂಲು ತಳ್ಳಿದಳು. ಮೊಣಕಾಲು ಮಡಚಿತು. ಅಷ್ಟು ಎತ್ತರದ ಮನುಷ್ಯ ಮಂಡಿ ಎದೆಗೆ ತಾಗುವಂತೆ ಕುಸಿದು ಕೂತರು, ಅಕ್ಕನ ಮುಖಕ್ಕೆ ಸರಿಯಾಗಿ. ಕೆಳಗೆ ಟೇಪು ಸುತ್ತಿದ ಕಾಲನ್ನು ಅವರು ಗುರುತು ಹಿಡಿದದ್ದು ತಂಗಿಗೆ ಕಂಡಿತು.

ಅಕ್ಕ ಹೇಳಿದಂತೆಯೇ ಅವರ ಕಣ್ಣು ತುಂಬಿತು.

"ಆವತ್ತು ನಾನು ಕೂರ್ಬೇಕಿತ್ತು" ಎಂದರು. ಆಮೇಲೆ, ತೀರಾ ಮೆಲ್ಲಗೆ, "ಅವರು ನನ್ನ ವಿಷಯ ಏನಾದ್ರೂ ಹೇಳಿದ್ರಾ?"

ಅಕ್ಕನ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವರ ಪಕ್ಕದಲ್ಲಿ ಕೂತು ಹೇಳಿದ್ದರೆ ಮುಗಿಯುತ್ತಿತ್ತು. ತಂಗಿ ಬಾಗಿಲವರೆಗೆ ನಡೆದಳು. ಬಾಗಿಲ ಮೇಲೆ ಕೈಯಿಟ್ಟಳು.

"ಹೇಳಿದ್ಲು."

ದೊಡ್ಡ ಡಾಕ್ಟರು ತಿರುಗಿದರು. ಅವರ ಕಣ್ಣು ತಂಗಿಯ ಮುಖದ ಮೇಲಿರಲಿಲ್ಲ, ಕಾಲ ಮೇಲಿತ್ತು.

"ಏನಂದ್ರು?"

"ನಿಮಗೆ ಗೊತ್ತಿರೋದೇ ಅಲ್ವಾ" ಎಂದು ತಂಗಿ ಹೊರಗೆ ಬಂದಳು.

ಸ್ವಲ್ಪ ಹೊತ್ತಿಗೆ ಗಾಡಿ ಬಂತು. ಜನ ಒಳಗೆ ಹೋಗಿ ಅಕ್ಕನನ್ನು ಎತ್ತಿಕೊಂಡು ಬಂದರು. ಭಾವ ಸುತ್ತ ನೋಡಿದರು.

"ಡಾಕ್ಟ್ರು ಎಲ್ಲಮ್ಮಾ?"

"ಕೂತಿದಾರೆ."

ಗಾಡಿ ಹತ್ತುವ ಮುಂಚೆ ತಂಗಿ ಒಮ್ಮೆ ತಿರುಗಿದಳು. ಖಾಲಿಯಾದ ನಡುಮನೆಯಲ್ಲಿ, ಹಸಿರು ಸ್ಟೂಲಿನ ಮೇಲೆ, ದೊಡ್ಡ ಡಾಕ್ಟರು ಇನ್ನೂ ಬಾಗಿಲ ಕಡೆಗೇ ಮುಖ ಮಾಡಿಕೊಂಡು ಕೂತಿದ್ದರು.