ದಳ್ಳಾಳಿಯ ಷಡ್ಡಕ

"ಈ ವಾಸನೆ ಮನೇದಾ, ನಿಮ್ಮದಾ?"

ದಳ್ಳಾಳಿ ಹೊಸ್ತಿಲಾಚೆಯೇ ನಿಂತು, ಮೂಗಿಗೆ ಕರವಸ್ತ್ರ ಒತ್ತಿಕೊಂಡು ಕೇಳಿದ. ಮನೆಯಾಕೆ ಆಗಷ್ಟೇ ನೆಲ ಒರೆಸಿ ಬಟ್ಟೆ ಹಿಂಡುತ್ತಿದ್ದಳು.

"ನಿಮ್ಮ ಕರ್ಚೀಫಿನ ಸೆಂಟಿರ್ಬೇಕು," ಎಂದಳು.

ಕುರ್ಚಿಯಲ್ಲಿದ್ದ ಗಂಡ ನಕ್ಕ. ನಗು ಕೆಮ್ಮಿಗೆ ತಿರುಗಿತು. ಬೀದಿಯವರು ಅವನನ್ನು ಮೋರಿಯಣ್ಣ ಎನ್ನುತ್ತಿದ್ದರು. ಊರಿನ ಚರಂಡಿಗಳಿಗೆ ಇಳಿದೂ ಇಳಿದೂ ಅವನ ಎದೆ ಕೆಟ್ಟಿತ್ತು. ಈ ತಗ್ಗು ಬಿಟ್ಟು ಗಾಳಿಯಾಡುವ ಕಡೆ ಹೋಗದಿದ್ದರೆ ಉಳಿಗಾಲವಿಲ್ಲ ಎಂದಿದ್ದರು ಡಾಕ್ಟರು. ಗುಡ್ಡದ ಮೇಲಿನ ಊರಲ್ಲಿ ಹೆಂಡತಿಯ ಅಕ್ಕ ಒಂದು ಪುಟ್ಟ ಮನೆ ನೋಡಿಟ್ಟಿದ್ದಳು. ಅದಕ್ಕೆ ಇದನ್ನು ಮಾರಬೇಕು.

ದಳ್ಳಾಳಿ ಯಾಕೆಂದು ಮೊದಲು ತಾವೇ ಮಾರಲು ನೋಡಿದ್ದರು. ಬಂದವರಿಗೆ ಬಾಗಿಲ ಬಳಿಯ ರಬ್ಬರ್ ಬೂಟು, ಉದ್ದನೆಯ ಗಳ ಕಂಡದ್ದೇ ತಡ, ಮನೆಯಲ್ಲಿ ಯಾರಿಗೋ ಹುಷಾರಿಲ್ಲದ್ದು ನೆನಪಾಗುತ್ತಿತ್ತು. ಈ ಮನೆಯ ದೆಸೆಯಿಂದ ಊರಿನ ಅದೆಷ್ಟು ಅಜ್ಜಿಯಂದಿರು ಹಾಸಿಗೆ ಹಿಡಿದರೋ.

"ನೀವು ಮೋರಿ ಬಳಿಯೋರು ಅಂತ ಗೊತ್ತಾದ್ರೆ ನಾಯಿನೂ ಈ ಮನೆ ಮೂಸಲ್ಲ," ಎಂದ ದಳ್ಳಾಳಿ. "ನಾಳೆ ಒಳ್ಳೆ ಪಾರ್ಟಿ ಬರ್ತಿದೆ. ನನ್ನ ಷಡ್ಡಕ ಬಂದು ಯಜಮಾನ ಅಂತ ಕೂರ್ತಾನೆ. ನೀನು ಕೆಲಸದವಳು."

"ಇವರು?"

"ಇವನು ಇಲ್ಲ."

"ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಇಲ್ಲ ಕಣೇ. ಸಾಮಾನು ಕೋಣೇಲಿ ಬಿದ್ದಿರ್ಲಿ. ಕೆಮ್ಮಬಾರ್ದು."

ಹೆಂಡತಿ ಗಂಡನ ಮುಖ ನೋಡಿದಳು.

"ಹಾಳಾಗ್ಲಿ ಬಿಡು," ಎಂದ ಮೋರಿಯಣ್ಣ. "ಮೋರಿಯೊಳಗೇ ಉಸಿರು ಹಿಡಿದೋನು ನಾನು."

ಮರುದಿನ ಇಸ್ತ್ರಿ ಅಂಗಿ ತೊಟ್ಟ ಷಡ್ಡಕ ಮೋರಿಯಣ್ಣನ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತ. ಬಟ್ಟೆ ಅಂಗಡಿಯವನೂ ಅವನ ಹೆಂಡತಿಯೂ ಮನೆ ನೋಡಲು ಬಂದರು. ಯಜಮಾನಿಕೆ ಷಡ್ಡಕನಿಗೆ ಬೇಗನೆ ತಲೆಗೇರಿತು.

"ಒಂದೊಂದು ಇಟ್ಟಿಗೆಗೂ ಬಿಸಿಲಲ್ಲಿ ಬೆವರು ಸುರಿಸಿದೀನಿ," ಎಂದು ಗೋಡೆ ತಟ್ಟಿದ. "ಏಯ್, ನೀರು ತಾರೇ."

ಆ ಇಟ್ಟಿಗೆಗಳನ್ನು ತಲೆಯ ಮೇಲೆ ಹೊತ್ತಿದ್ದವಳು ನೀರು ತಂದುಕೊಟ್ಟಳು. ಅಂಗಡಿಯವನ ಹೆಂಡತಿ ಗಟಗಟ ಕುಡಿದಳು.

"ಕೆಲಸದವಳು ಶುಚಿಯಾಗಿದಾಳೆ. ಇವಳನ್ನ ಇಲ್ಲೇ ಬಿಟ್ಟು ಹೋಗ್ತೀರಾ?"

"ಇಟ್ಕೊಳ್ಳಿ," ಎಂದ ಷಡ್ಡಕ ಧಾರಾಳವಾಗಿ. "ಗೇಯ್ತಾಳೆ. ಕೈ ಮಾತ್ರ ಸ್ವಲ್ಪ ಉದ್ದ, ಕಣ್ಣಿಟ್ಟಿರ್ಬೇಕು."

ನೆಲಕ್ಕೆ ನೀರು ಹಾಕಿ ಗುಡಿಸುತ್ತಿದ್ದ ಪೊರಕೆ ನಿಂತಿತು. "ಏನು ಕದ್ದೆ ನಾನು?"

"ಬಾಯಿನೂ ಉದ್ದ," ಎಂದು ದಳ್ಳಾಳಿ ಹಲ್ಲು ಕಿರಿದ. "ಬನ್ನಿ, ಬಚ್ಚಲು ನೋಡೋಣ."

"ನಾನೇ ತೋರಿಸ್ತೀನಿ," ಎಂದು ಷಡ್ಡಕ ಎದ್ದ. ಹಿಂಬದಿಗೆ ಇದ್ದದ್ದು ಎರಡು ಬಾಗಿಲು. ಗತ್ತಿನಿಂದ ಎಡಗಡೆಯದನ್ನು ತಳ್ಳಿದ.

ಒಳಗೆ ಮೋರಿಯಣ್ಣ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತಿದ್ದ. ಪಕ್ಕದಲ್ಲಿ ಬೂಟುಗಳು, ತೊಡೆಯ ಮೇಲೆ ಗೋಡೆಯಿಂದ ಇಳಿಸಿದ ಮದುವೆಯ ಫೋಟೋ, ಬಾಯಿ ತುಂಬ ಟವೆಲು. ಜನರನ್ನು ಕಂಡು ಟವೆಲು ಎಳೆದು ತೆಗೆದು, "ನಮಸ್ಕಾರ," ಎಂದ.

"ಇವನ್ಯಾರು?"

"ರಿಪೇರಿಯವನು," ಎಂದ ಷಡ್ಡಕ. "ಬಚ್ಚಲು ರಿಪೇರಿ."

ಅಂಗಡಿಯವನು ಫೋಟೋದ ಮದುಮಗಳನ್ನು ನೋಡಿದ. ಪೊರಕೆ ಹಿಡಿದವಳನ್ನು ನೋಡಿದ.

"ಅವರು ನನ್ನ ಗಂಡ," ಎಂದಳು ಅವಳು. "ಇದು ನಮ್ಮನೆ. ಇಬ್ರೂ ಮೋರಿ ಬಳಿದು ಕಟ್ಟಿದ್ದು. ಈ ಮುಂಡೇಮಗನಿಗೆ ಬಚ್ಚಲು ಯಾವ ಕಡೆ ಅಂತಲೂ ಗೊತ್ತಿಲ್ಲ."

ಅಂಗಡಿಯವನ ಹೆಂಡತಿ ಗಂಟಲು ಹಿಡಿದುಕೊಂಡು ಹೊರಗೆ ಓಡಿದಳು. ಉಗಿದಳು, ಮತ್ತೆ ಉಗಿದಳು. ಒಳಗಿಳಿದ ನೀರು ಬರಲಿಲ್ಲ. ಅವಳ ಗಂಡ ಮಾತ್ರ ನಿಂತಲ್ಲಿಂದ ಕದಲಲಿಲ್ಲ.

"ಮನೆ ಗಟ್ಟಿಯಾಗೇ ಇದೆ. ಆದ್ರೆ ಇಂಥೋರ ಮನೆ ನೋಡಿ. ಅರ್ಧಕ್ಕೆ ಕೊಟ್ರೆ ತಗೋತೀನಿ."

"ಅರ್ಧಕ್ಕೆ ಕೊಟ್ರೆ ವಾಸನೆ ಹೋಗ್ತದಾ ಸ್ವಾಮಿ?" ಎಂದಳು ಮನೆಯಾಕೆ.

ಅಂಗಡಿಯವನು ಗೋಡೆ ಕುಟ್ಟಿ ನೋಡಿದ.

"ಒಪ್ಕೊಳ್ಳೇ," ಎಂದು ದಳ್ಳಾಳಿ ಪಿಸುಗುಟ್ಟಿದ. "ನಿಮ್ಮ ಹಣೆಬರಹಕ್ಕೆ ಇದೇ ಜಾಸ್ತಿ. ಇವನ ಎದೆ ನೋಡು, ಇನ್ನೆಷ್ಟು ದಿನ ಕಾಯ್ತದೆ?"

ಆ ಮಾತು ನಾಟಿತು. ಗಂಡನ ಉಸಿರು ಸಿಳ್ಳೆಯಂತೆ ಕೇಳುತ್ತಿತ್ತು. ಅವಳು ಅವನ ಕಡೆ ತಿರುಗಿದಳು.

"ಬೆಲೆ ಆಮೇಲೆ," ಎಂದ ಮೋರಿಯಣ್ಣ. "ಮೊದಲು ಆ ನನ್ಮಗನ್ನ ನನ್ನ ಕುರ್ಚಿಯಿಂದ ಎಬ್ಬಿಸು."

ಗಾಬರಿಯಲ್ಲಿ ಷಡ್ಡಕ ಮತ್ತೆ ಅಲ್ಲೇ ಹೋಗಿ ಕೂತಿದ್ದ. ಅವಳು ಕುರ್ಚಿಯ ಬೆನ್ನು ಹಿಡಿದು ಮುಂದಕ್ಕೆ ಬಗ್ಗಿಸಿದಳು. ಹಸಿ ನೆಲದ ಮೇಲೆ ಷಡ್ಡಕ ಜಾರಿದ. ಎತ್ತಲು ಹೋದ ದಳ್ಳಾಳಿಯೂ ಜಾರಿದ. ಅವರಿಬ್ಬರು ಏಳುವಷ್ಟರಲ್ಲಿ ಅಂಗಡಿಯವನು ಬೀದಿಯ ತಿರುವು ದಾಟಿದ್ದ.

ಅವರೂ ತೊಲಗಿದ ಮೇಲೆ ಅವಳು ಗಂಡನನ್ನು ಜಗಲಿಯಲ್ಲಿ ಕೂರಿಸಿ, ಬೀದಿಯ ನಡುವೆ ನಿಂತು, ತರಕಾರಿ ಗಾಡಿಯವರ ಹಾಗೆ ಕೂಗತೊಡಗಿದಳು.

"ಮನೆ ಬೇಕಾ ಮನೇ... ಮೋರಿ ಬಳಿಯೋರ ಮನೇ... ಪೂರ್ತಿ ಬೆಲೇ..."

ಕಿಟಕಿಗಳು ತೆರೆದವು, ಮುಚ್ಚಿದವು. "ಬೀದಿ ಮಾನ ಕಳೀತಿದಾಳೆ," ಎಂದಿತು ಒಂದು ಕಿಟಕಿ. ಅವಳು ಇನ್ನೂ ಗಟ್ಟಿಯಾಗಿ ಕೂಗಿದಳು.

ಬೀದಿ ಕೊನೆಯ ಬಾಡಿಗೆ ಕೋಣೆಯಿಂದ ಒಬ್ಬ ಹೆಂಗಸು ಸೆರಗಿಗೆ ಕೈ ಒರೆಸುತ್ತ ಬಂದಳು.

"ಅಡುಗೆಮನೆಗೆ ಬೆಳಕು ಬರ್ತದಾ?"

"ಬಂದು ನೋಡಕ್ಕ."

ಆ ಹೆಂಗಸು ಹೊಸ್ತಿಲಲ್ಲಿ ಅನುಮಾನಿಸಿ ನಿಂತಳು. "ನಮ್ಮ ಯಜಮಾನ್ರು ಸುಡುಗಾಡಲ್ಲಿ ಗುಂಡಿ ತೋಡೋರು. ಮೊದಲೇ ಹೇಳ್ತೀನಿ. ನಮಗೆ ಕೊಡ್ತೀರಾ?"

ಮೋರಿಯಣ್ಣ ಎದೆ ತುಂಬ, ಬೀದಿಗೆಲ್ಲ ಕೇಳುವ ಹಾಗೆ ಕೆಮ್ಮಿ ಮುಗಿಸಿದ.

"ಒಳಗೆ ಬಾ ತಾಯಿ," ಎಂದ. "ಬೆಲೆ ಮಾತ್ರ ಇಳಿಸಲ್ಲ."