ಎಡಗಡೆ ಹಿಂದಿನ ಸ್ಪೀಕರಿನ ಕೊಳಲು

ಮಹಡಿ ಮನೆಯ ನನ್ನ ವಾರಗಿತ್ತಿ ಬಂದು ಆ ಮಾತು ಹೇಳಿದಾಗ ನಾನು ಗಿರಾಕಿಯ ಅಂಗಿಗೆ ಕಾಜಾ ಹಾಕುತ್ತಿದ್ದೆ.

"ಅಕ್ಕಾ, ನಿನ್ನೆ ಭಾವ ನಮ್ಮ ಸೋಫಾದಲ್ಲಿ ಕೂತು ಅತ್ತೇ ಬಿಟ್ರು ಗೊತ್ತಾ? ಪಾಪ, ನಾನೇ ಟವೆಲ್ ಕೊಟ್ಟೆ."

ಸೂಜಿ ಬೆರಳಿಗೆ ಚುಚ್ಚಿತು. ಮದುವೆಯಾದಾಗಿನಿಂದ ನನ್ನ ಗಂಡ ನನ್ನೆದುರು ಒಂದು ಹನಿ ಕಣ್ಣೀರು ಹಾಕಿದವರಲ್ಲ. ಹೆತ್ತ ತಾಯಿ ಹೋದಾಗಲೂ ಹಿತ್ತಲಲ್ಲಿ ಗೋಡೆ ನೋಡಿಕೊಂಡು ನಿಂತವರು. ಅಂಥವರು ಅಳುವುದಕ್ಕೆ ಈ ಮಹಾರಾಣಿಯ ಸೋಫಾನೇ ಬೇಕಾಯಿತೇ! ಹೊಟ್ಟೆಗೆ ಬೆಂಕಿ ಬಿತ್ತು, ಸುಳ್ಳು ಯಾಕೆ ಹೇಳಲಿ.

ನಮ್ಮವರು ಕೊಳಲು ನುಡಿಸುವವರು. ವಯಸ್ಸಿನಲ್ಲಿ ಒಂದೇ ಒಂದು ಸಿನಿಮಾದ ಹಿನ್ನೆಲೆ ಸಂಗೀತಕ್ಕೆ ಇವರನ್ನು ಕರೆಸಿಕೊಂಡಿದ್ದರು. ದೋಣಿ ದಡ ಬಿಡುವ ದೃಶ್ಯಕ್ಕೆ ಒಂದು ತುಣುಕು, ಅಷ್ಟೇ. ಹೆಸರನ್ನೂ ಹಾಕಲಿಲ್ಲ, ಮತ್ತೆ ಕರೆಯಲೂ ಇಲ್ಲ. ಈಗ ಮನೆಮನೆಗೆ ಹೋಗಿ ಪಾಠ ಹೇಳುತ್ತಾರೆ. ಮೊನ್ನೆ ಆ ಸಿನಿಮಾದ ಡಿಸ್ಕ್ ಬಂತು. ಮಹಡಿಯಲ್ಲಿ ಮೈದುನನ ಹಜಾರದ ಸುತ್ತ ಸ್ಪೀಕರು, ನಡುವೆ ಅವಕ್ಕೆಲ್ಲ ಧ್ವನಿ ಹಂಚುವ ರಿಸೀವರು. ಎಡಗಡೆ ಹಿಂದಿನ ಸ್ಪೀಕರಿನಿಂದ ಇವರ ಕೊಳಲು ಬರುತ್ತದಂತೆ. ದಿನಾ ಸಂಜೆ ನನ್ನ ಕಾಫಿ ಆರಲು ಬಿಟ್ಟು ಮೇಲೆ ಹತ್ತುತ್ತಿದ್ದರು. "ನೀನೂ ಬಾರೇ" ಎಂದು ಕರೆದದ್ದುಂಟು. ನನ್ನ ಗಂಡನ ಕೊಳಲನ್ನು ಅವಳು ರಿಮೋಟ್ ಹಿಡಿದು ಕೇಳಿಸುವುದು, ನಾನು ಕೈಕಟ್ಟಿಕೊಂಡು ಕೇಳುವುದು! ಅದು ನನ್ನ ಜಾಯಮಾನದಲ್ಲೇ ಇಲ್ಲ.

ಹೊಲಿದು ಕೂಡಿಟ್ಟದ್ದನ್ನೆಲ್ಲ ಸುರಿದು ಪ್ಲೇಯರು, ರಿಸೀವರು, ಸ್ಪೀಕರು, ಜೊತೆಗೆ ಅದೇ ಸಿನಿಮಾದ ಇನ್ನೊಂದು ಡಿಸ್ಕು ತಂದೆ.

"ನಿನಗೇನು ತಲೆ ಕೆಟ್ಟಿದ್ಯಾ? ಮೇಲೆ ಇದ್ಯಲ್ಲೇ" ಅಂದರು ಇವರು.

"ಮೇಲಿರೋದು ಅವರದ್ದು. ಇವತ್ತು ಸಂಜೆ ಬೇಗ ಬನ್ನಿ, ನಮ್ಮನೇಲೇ ಕೇಳೋಣ. ನಾವಿಬ್ರೇ."

ಅವರು ಪಾಠಕ್ಕೆ ಹೊರಟ ಮೇಲೆ, ವಾರಗಿತ್ತಿಗೂ ಕೇಳಲಿ ಎಂದು ಮೆಟ್ಟಿಲ ಬುಡದಲ್ಲಿ ನಿಂತು ಹೇಳಿದೆ: "ಇವತ್ತಿಂದ ನಿನ್ನ ಭಾವ ಕೆಳಗೇ ಕೇಳ್ತಾರೆ ಕಣಮ್ಮ!"

ಸಕ್ಕರೆ ಕೇಳುವ ನೆಪದಲ್ಲಿ ಮೇಲೆ ಹೋಗಿ ಅವರ ಟೀವಿಯ ಹಿಂದೆ ಇಣುಕಿ ಬಂದಿದ್ದೆ. ಅದೇ ಥರ ಜೋಡಿಸಿದೆ: ಪ್ಲೇಯರಿನಿಂದ ಟೀವಿಗೆ, ಟೀವಿಯಿಂದ ಬೆಳಕು ಹಾಯುವ ತೆಳು ವೈರಿನಲ್ಲಿ ರಿಸೀವರಿಗೆ. ಡಿಸ್ಕಿನ ಡಬ್ಬಿಯ ಮೇಲೆ ಧ್ವನಿಯ ಬಗೆಯ ಹೆಸರು ಹಾಕಿ, ರೆಕಾರ್ಡಿಂಗಿನಲ್ಲಿದ್ದ ಧ್ವನಿ ಒಂದು ಚೂರೂ ನಷ್ಟವಾಗದೆ ಬರುತ್ತದೆ ಎಂದು ಬರೆದಿತ್ತು. ರಿಸೀವರಿನ ಮುಖದ ಮೇಲೆ ಹೊತ್ತಿಕೊಂಡದ್ದು ಮಾತ್ರ ಮಾಮೂಲಿ ಧ್ವನಿಯ ಹೆಸರು. ಕೈಪಿಡಿ ತೆಗೆದು ಓದಿದೆ. ಆ ತೆಳು ವೈರಿನಲ್ಲಿ ಪೂರ್ತಿ ಧ್ವನಿ ಹಾಯುವುದೇ ಇಲ್ಲವಂತೆ, ಹಿಂಡಿ ಸಣ್ಣದು ಮಾಡಿದ್ದು ಮಾತ್ರ! ಪ್ಲೇಯರಿನಿಂದ ಎಚ್‌ಡಿಎಂಐ ಕೇಬಲ್ ನೇರ ರಿಸೀವರಿಗೇ ಬರಬೇಕಂತೆ.

ಅಂದರೆ ಮಹಾರಾಣಿಯ ಮನೆಯಲ್ಲಿ ಇಷ್ಟು ದಿನ ಕೇಳಿಸಿದ್ದು ಹಿಂಡಿದ್ದು! ಹಾಲು ಕುಡಿದಷ್ಟು ಸಂತೋಷವಾಯಿತು.

ಕೇಬಲ್ ಬದಲಿಸಿದೆ. ಆಗಲೂ ಅದೇ ಮಾಮೂಲಿ ಹೆಸರು. ಪ್ಲೇಯರಿನ ಮೆನುವನ್ನೆಲ್ಲ ಜಾಲಾಡಿದೆ. 'ಸೆಕೆಂಡರಿ ಆಡಿಯೋ' ಆನ್ ಆಗಿತ್ತು. ಗುಂಡಿಯ ಟಿಕ್‌ಟಿಕ್ ಸದ್ದನ್ನೂ ಸಿನಿಮಾಕ್ಕೆ ಬೆರೆಸುವ ಚಾಳಿ ಅದರದ್ದು; ಬೆರೆಸಲು ಹೋಗಿ ಧ್ವನಿಯನ್ನೇ ಕುಗ್ಗಿಸುತ್ತದೆ. ಆಫ್ ಮಾಡಿ, ಧ್ವನಿಯನ್ನು ಇದ್ದ ಹಾಗೇ ಕಳಿಸು ಎಂಬುದನ್ನು ಆರಿಸಿದೆ. ರಿಸೀವರಿನ ಮೇಲೆ ಡಬ್ಬಿಯಲ್ಲಿದ್ದ ಹೆಸರೇ ಹೊತ್ತಿಕೊಂಡಿತು. ಒಬ್ಬಳೇ ಚಪ್ಪಾಳೆ ತಟ್ಟಿದೆ.

ಇವರು ಬರುವ ಮೊದಲು ಒಮ್ಮೆ ನೋಡಿಬಿಡೋಣ ಎಂದು ದೋಣಿಯ ದೃಶ್ಯ ಹಾಕಿದೆ. ನೀರಿನ ಸದ್ದು ಸುತ್ತ ಹರಡಿತು. ಆಮೇಲೆ ಎಡಗಡೆ ಹಿಂದಿನಿಂದ, ಯಾರೋ ಪಕ್ಕದಲ್ಲೇ ಕೂತು ನುಡಿಸಿದ ಹಾಗೆ, ಕೊಳಲು. ನನ್ನ ಕಣ್ಣೂ ತುಂಬಿತು. ಎರಡು ಸ್ವರಗಳ ನಡುವೆ ನುಡಿಸುವವರು ಬಾಯಿಂದ ಮೆಲ್ಲಗೆ 'ಹಾ' ಎಂದು ಉಸಿರೆಳೆದುಕೊಂಡರು.

ನಾನು ಹಿಂದಕ್ಕೆ ಓಡಿಸಿ ಮತ್ತೆ ಕೇಳಿದೆ. ಮತ್ತೆ ಬಾಯಿಂದಲೇ.

ನಮ್ಮವರ ಮೂಗಿನ ಮೂಳೆ ಹುಟ್ಟಿನಿಂದಲೇ ಸೊಟ್ಟ. ಆದರೂ ಕೊಳಲು ಹಿಡಿದಾಗ ಉಸಿರೆಳೆಯುವುದು ಮೂಗಿನಿಂದಲೇ, ಸಣ್ಣ ಸಿಳ್ಳೆಯ ಸದ್ದಿನೊಂದಿಗೆ. ಗೋಡೆಯಾಚೆ ಅವರ ಅಭ್ಯಾಸ ಕೇಳುತ್ತಲೇ ಇಷ್ಟು ವರ್ಷ ಹೊಲಿದವಳು ನಾನು. ಈ ಉಸಿರು ಅವರದಲ್ಲ. ಇವರು ನುಡಿಸಿದ್ದನ್ನು ತೆಗೆದುಹಾಕಿ, ಅದೇ ತುಣುಕನ್ನು ಇನ್ಯಾರಿಂದಲೋ ನುಡಿಸಿ ಸೇರಿಸಿದ್ದಾರೆ. ಮೇಲಿನ ಮನೆಯ ಹಿಂಡಿದ ಧ್ವನಿಯಲ್ಲಿ ಈ ಉಸಿರು ಕೇಳಿಸಿರಲಿಕ್ಕಿಲ್ಲ, ಬರೀ ಸ್ವರ. ಅದನ್ನೇ ತಮ್ಮದೆಂದು ಅವರು ಎದೆಗವುಚಿಕೊಂಡಿದ್ದರು.

ಗೇಟು ಸದ್ದಾಯಿತು. ಚಪ್ಪಲಿ ಬಿಡುತ್ತಲೇ ಕೂಗಿದರು: "ಆಯ್ತೇನೇ? ಹಾಕು, ಹಾಕು!" ಮುಖದಲ್ಲಿ ಮಕ್ಕಳ ಖುಷಿ.

ನಾನು ಕೇಬಲ್ ಕಿತ್ತೆ.

"ಇಲ್ಲ ರೀ. ಏನು ಮಾಡಿದ್ರೂ ಬರ್ತಿಲ್ಲ. ದಂಡ ಆಯ್ತು."

"ತಡಿ, ನಾನು ನೋಡ್ತೀನಿ."

"ಬೇಡಾ ಅಂದ್ನಲ್ಲ! ನಾಳೆ ವಾಪಸ್ ಕೊಟ್ಬಿಡ್ತೀನಿ. ನೀವು ಮೇಲೇ ಹೋಗಿ ಕೇಳಿ."

ಅವರು ಮೆಟ್ಟಿಲು ಹತ್ತಿದರು. ಮೇಲಿನಿಂದ ಅವಳ ನಗು ಕೇಳಿಸಿತು.

"ನೋಡಿದ್ರಾ ಅಕ್ಕಾ, ಇದೆಲ್ಲ ಎಲ್ಲರ ಕೈಲೂ ಆಗಲ್ಲ! ಕೇಳಿದ್ರೆ ನಮ್ಮನೇಲೇ ಕೇಳ್ಬೇಕು!"

ಅವಳ ಜುಟ್ಟು ಹಿಡಿದು ಆ ಟೀವಿಯ ಹಿಂದಕ್ಕೆ ಎಳೆದೊಯ್ದು ತೋರಿಸೋಣ ಅನ್ನಿಸಿತು.

"ಹೌದು ಕಣಮ್ಮ," ಅಂದೆ. "ನಿಮ್ಮನೇದೇ ಚೆನ್ನಾಗಿದೆ. ಏನನ್ನೂ ಬದಲಾಯಿಸೋಕೆ ಹೋಗ್ಬೇಡ."